ಒಬ್ಬರಿಗಾಗುವಷ್ಟು ಉಸಿರು

ಚಾಮರಾಜಪೇಟೆಯಲ್ಲಿ ಶೀನಣ್ಣನವರ ಮನೆಯ ಹಿತ್ತಲಿಗೆ ಅಂಟಿಕೊಂಡು ಒಂದು ಉದ್ದನೆಯ ಶೆಡ್ ಇತ್ತು. ಒಂದು ಕಾಲಕ್ಕೆ ಅಲ್ಲಿ ಊದುಬತ್ತಿ ಹೊಸೆಯುತ್ತಿದ್ದರು. ಆಂಡಾಳ್ ಅದನ್ನು ಬಾಡಿಗೆಗೆ ಹಿಡಿದು ತನ್ನ ಯಂತ್ರ ಕೂರಿಸಿದ ಮೇಲೂ ಗೋಡೆಗಳಿಂದ ಗಂಧದ ವಾಸನೆ ಹೋಗಿರಲಿಲ್ಲ. ಬೇಸಿಗೆಯಲ್ಲಿ ಗೋಡೆ ಕಾದರೆ ಇನ್ನೂ ಜಾಸ್ತಿ.

ಆಂಡಾಳ್ ಮಲ್ಲೇಶ್ವರದವಳು. ವಯಸ್ಸು ಐವತ್ತರ ಹತ್ತಿರ. ಸಂಶೋಧನಾ ಸಂಸ್ಥೆಯೊಂದರ ಕಾಯಂ ಕೆಲಸ ಬಿಟ್ಟು, ಒಂದು ಇಂಧನ ಕಂಪನಿಯ ನೆರವಿನಿಂದ ಈ ಕೆಲಸಕ್ಕೆ ಇಳಿದಿದ್ದಳು. ಮಧ್ಯಾಹ್ನದ ಬಿಸಿಲಿಗೆ ಪಾವಗಡದ ಕಡೆಯ ಸೋಲಾರ್ ಫಲಕಗಳು ಕೊಳ್ಳುವವರಿಲ್ಲದಷ್ಟು ಕರೆಂಟ್ ಕೊಡುತ್ತವೆ; ಆಷಾಢದಲ್ಲಿ ಗಾಳಿಯಂತ್ರಗಳದ್ದೂ ಅದೇ ಕಥೆ. ಬೇಡದ ಹೊತ್ತಿನಲ್ಲಿ ಅವನ್ನು ಸುಮ್ಮನೆ ನಿಲ್ಲಿಸಿಬಿಡುತ್ತಾರೆ. ಹಾಗೆ ಹಾಳಾಗುವ ಕರೆಂಟನ್ನು ಇಂಧನವಾಗಿಸಿ ಡ್ರಮ್ಮಿನಲ್ಲಿ ತುಂಬಿಟ್ಟರೆ ಬೇಕಾದಾಗ ಉರಿಸಬಹುದು ಎನ್ನುವುದು ಅವಳ ಹಟ.

ಯಂತ್ರ ನೋಡಲು ಬೀರುವಿನಷ್ಟೇ ಇತ್ತು. ಅಂಗೈಯಗಲದ ತೆಳ್ಳನೆಯ ಸೆರಾಮಿಕ್ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಉಕ್ಕಿನ ತಟ್ಟೆಗಳನ್ನಿಟ್ಟು, ಎಂಟುನೂರು ಡಿಗ್ರಿಗೆ ಕಾಯಿಸಿ, ಒಳಗೆ ನೀರಿನ ಹಬೆಯನ್ನೂ ಇಂಗಾಲದ ಡೈಆಕ್ಸೈಡನ್ನೂ ಹಾಯಿಸುತ್ತಿದ್ದರು. ಅಷ್ಟು ಶಾಖದಲ್ಲಿ ಸ್ವಲ್ಪವೇ ಕರೆಂಟಿಗೆ ಅವೆರಡೂ ಒಡೆಯುತ್ತವೆ. ಬಿಲ್ಲೆಗಳ ಒಂದು ಬದಿಯಲ್ಲಿ ಸಿಗುವ, ಜಲಜನಕ ಮತ್ತು ಕಾರ್ಬನ್ ಮಾನಾಕ್ಸೈಡ್ ಬೆರೆತ ಅನಿಲದಿಂದ ಮೆಥನಾಲ್ ಎಂಬ ಇಂಧನ ಮಾಡಬಹುದು. ಇನ್ನೊಂದು ಬದಿಯಲ್ಲಿ ಹೊರಬರುವುದು ಆಮ್ಲಜನಕ. ಅದು ಯಾರಿಗೂ ಬೇಕಿರಲಿಲ್ಲ. ಬ್ಲೋವರಿನಿಂದ ಗಾಳಿ ಊದಿ, ಪೈಪೊಂದರಲ್ಲಿ ಅದನ್ನು ಸೂರಿನಾಚೆ ಬಿಡುತ್ತಿದ್ದರು.

ಈ ಯಂತ್ರವನ್ನು ಕೈಯಾರೆ ಕಟ್ಟಿದವನು ನಂದಕುಮಾರ್. ಕಲಾಸಿಪಾಳ್ಯದ ತರಕಾರಿ ಮಂಡಿಯ ಅರ್ಜುನಪ್ಪನ ಒಬ್ಬನೇ ಮಗ. ಮಂಡಿಗೆ ಕೂರಲಾರೆ ಎಂದು ಇಂಜಿನಿಯರಿಂಗ್ ಓದಿದವನು. ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಸೇರಿಸಿ ಆಡುವವಳು ಅವನ ಹೆಂಡತಿ ಕುಸುಮಾ. ಸಿಟಿ ಬಸ್ಸಿನ ಕಂಡಕ್ಟರ್. ಮಧ್ಯಾಹ್ನದ ಪಾಳಿ ಇದ್ದ ದಿನ ಗಂಡನಿಗೆ ಊಟದ ಡಬ್ಬಿ ಹಿಡಿದು ಬರುತ್ತಿದ್ದಳು. ಬಾಗಿಲಲ್ಲೇ ನಿಂತು, "ಎಲ್ಲಿ ನನ್ನ ಸವತಿ? ಹೆಂಗಿದಾಳೆ ಇವತ್ತು?" ಎಂದು ಕೇಳುವುದು ಅವಳ ರೂಢಿ.

"ನೋಡಿ ಮೇಡಂ," ಎಂದು ಆಂಡಾಳ್‌ಗೆ ದೂರು ಹೇಳುತ್ತಿದ್ದಳು. "ಇವ್ಳಿಗೆ ಎಂಟುನೂರು ಡಿಗ್ರಿ ಇದ್ರೂ ಪಕ್ಕದಲ್ಲೇ ಕೂತಿರ್ತಾರೆ. ನಂಗೆ ನೂರಾ ಒಂದು ಜ್ವರ ಬಂದ್ರೆ ಮಾತ್ರೆ ನುಂಗಿ ಮಲ್ಕೋ ಅಂತಾರೆ."

ಯಂತ್ರದ ಪಕ್ಕದಲ್ಲಿ ಕೂರಲೇಬೇಕಿತ್ತು. ಒಮ್ಮೆ ಕಾಯಿಸಿದ ಮೇಲೆ ಅದನ್ನು ತಣಿಯಲು ಬಿಡುವಂತಿರಲಿಲ್ಲ. ತಣಿದರೆ ಅನಿಲ ಸೋರದಂತೆ ಬಿಲ್ಲೆಗಳ ಅಂಚಿಗೆ ಹಚ್ಚಿದ ಗಾಜಿನ ಬೆಸುಗೆ ಸೀಳುತ್ತದೆ. ತಿಂಗಳುಗಟ್ಟಲೆ ನಿಲ್ಲದೆ, ಸೊರಗದೆ ಓಡಿ ತೋರಿಸಿದರೆ ಮಾತ್ರ ಕಂಪನಿ ಪಾವಗಡದಲ್ಲಿ ದೊಡ್ಡ ಘಟಕ ಕಟ್ಟಲು ಒಪ್ಪಿತ್ತು. ೨೦೨೧ರ ಏಪ್ರಿಲ್ ಕೊನೆಯ ಹೊತ್ತಿಗೆ ಆ ಪರೀಕ್ಷೆ ಮುಗಿಯುತ್ತ ಬಂದಿತ್ತು.

ಕೊರೋನಾದ ಎರಡನೆಯ ಅಲೆಯ ಆ ಏಪ್ರಿಲ್ ಹೇಗಿತ್ತೆಂದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಟಿ.ಆರ್. ಮಿಲ್ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳ ಸಾಲು. ಅಂಗಡಿ, ಕಾರ್ಖಾನೆ, ಕಚೇರಿ ಎಲ್ಲ ಮುಚ್ಚಿದ್ದರಿಂದ ಕರೆಂಟಿಗೆ ಬೇಡಿಕೆ ಬಿದ್ದುಹೋಗಿತ್ತು. ಮಧ್ಯಾಹ್ನವಾದರೆ ಸೋಲಾರ್ ಘಟಕಗಳಿಗೆ ನಿಲ್ಲಿಸಿ ಎಂಬ ಆದೇಶ. ಊರಿನಲ್ಲಿ ವಿದ್ಯುತ್ತು ಮಿಕ್ಕಿಹೋಗುತ್ತಿತ್ತು. ಜನ ಉಸಿರಿಲ್ಲದೆ ಸಾಯುತ್ತಿದ್ದರು.

ಕುಸುಮಾಗೆ ಜ್ವರ ಬಂದಿದ್ದು ಬಸ್ಸುಗಳು ನಿಲ್ಲುವುದಕ್ಕೆ ಸ್ವಲ್ಪ ಮುಂಚೆ. ಮೊದಲು ಮೈಕೈ ನೋವು, ಆಮೇಲೆ ಕೆಮ್ಮು. ಒಂದು ಬೆಳಗ್ಗೆ ಬಚ್ಚಲಿಗೆ ಹೋಗಿ ಬಂದವಳು ಮಂಚ ಹತ್ತಲಾರದೆ ನೆಲದ ಮೇಲೇ ಕೂತಳು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರು ಎಂಬತ್ತೈದು ತೋರಿಸಿತು. ಅರ್ಜುನಪ್ಪ ಮಂಡಿಯ ಲಗೇಜ್ ಆಟೋದಲ್ಲಿ ಸೊಸೆಯನ್ನು ಕೂರಿಸಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗಿದ. ಎಲ್ಲೂ ಹಾಸಿಗೆ ಇರಲಿಲ್ಲ. ಕೊನೆಗೊಬ್ಬ ಡಾಕ್ಟರು ಆಟೋದ ಹತ್ತಿರವೇ ಬಂದು ನೋಡಿ, "ಮನೇಲಿ ಆಕ್ಸಿಜನ್ ವ್ಯವಸ್ಥೆ ಮಾಡ್ಕೊಳ್ಳಿ, ಬೋರಲು ಮಲಗ್ಸಿ," ಎಂದು ಮಾತ್ರೆ ಬರೆದುಕೊಟ್ಟು ಒಳಗೆ ಹೋದರು. ಸಿಲಿಂಡರ್ ಎಲ್ಲಿ ಸಿಗುತ್ತದೆಂದು ಕೇಳಿದ್ದಕ್ಕೆ ಅವರು ತಿರುಗಿಯೂ ನೋಡಲಿಲ್ಲ.

ನಂದಕುಮಾರ್ ನೇರ ಶೆಡ್ಡಿಗೆ ಬಂದ. ಬಾಗಿಲ ಬಳಿಯೇ ನಿಂತ.

"ಮೇಡಂ, ಆ ಪೈಪು."

ಆಂಡಾಳ್‌ಗೆ ತಕ್ಷಣ ಅರ್ಥವಾಯಿತು. ಆದರೂ, "ಯಾವ ಪೈಪು?" ಎಂದಳು.

"ಹೊರಗೆ ಬಿಡ್ತಿದೀವಲ್ಲ. ಅದು ಆಕ್ಸಿಜನ್ ತಾನೇ?"

"ಅದು ಉಸಿರಾಡೋ ಆಕ್ಸಿಜನ್ ಅಲ್ಲ ನಂದಕುಮಾರ್. ನಿಮಗೂ ಗೊತ್ತಿದೆ. ಆ ಶಾಖಕ್ಕೆ ಉಕ್ಕಿನ ತಟ್ಟೆಗಳಿಂದ ಕ್ರೋಮಿಯಂ ಆವಿ ಏಳುತ್ತೆ. ವಿಷ. ಶ್ವಾಸಕೋಶಕ್ಕೆ ಕ್ಯಾನ್ಸರ್ ತರೋ ಅಂಥದ್ದು."

"ಎಷ್ಟು ವರ್ಷಕ್ಕೆ?"

ಅವಳು ಬಾಗಿಲ ಹತ್ತಿರಕ್ಕೆ ಬಂದಳು.

"ಹತ್ತು ವರ್ಷಕ್ಕಾ, ಇಪ್ಪತ್ತಕ್ಕಾ? ಬರ್ಲಿ ಬಿಡಿ ಮೇಡಂ. ಅವ್ಳು ನಾಳೆ ಇರ್ತಾಳೋ ಇಲ್ವೋ ಗೊತ್ತಿಲ್ಲ ನಂಗೆ." ಅವನ ದನಿ ಏರಲಿಲ್ಲ. ಮಾಸ್ಕು ಬೆವರಿಗೆ ಒದ್ದೆಯಾಗಿ ಮುಖಕ್ಕೆ ಅಂಟಿತ್ತು. "ನೀವು ಬೇಡ ಅಂದ್ರೆ ನಾನು ಮುಟ್ಟಲ್ಲ. ಆದ್ರೆ ಬೇಡ ಅಂತ ಬಾಯ್ಬಿಟ್ಟು ಹೇಳ್ಬೇಕು ನೀವು."

ಆಂಡಾಳ್ ಯಂತ್ರದ ಕಡೆ ನೋಡಿದಳು. ಊದುವ ಗಾಳಿ ನಿಲ್ಲಿಸಿದರೆ ಶುದ್ಧ ಆಮ್ಲಜನಕವೇ ಬರುತ್ತದೆ. ಆದರೆ ಹಾಗೆ ಬಂದ ಆಮ್ಲಜನಕ ಬಿಲ್ಲೆಯ ಮೇಲೆ ಬಳಿದ ಲೇಪದ ಅಡಿಯಲ್ಲಿ ಒತ್ತಡ ಕಟ್ಟಿ ಅದನ್ನು ಎಬ್ಬಿಸುತ್ತದೆ. ಅಂದರೆ ಪರೀಕ್ಷೆ ಅಲ್ಲಿಗೆ ಮುಗಿದಂತೆ. ಮತ್ತೊಮ್ಮೆ ಕಟ್ಟಲು ಕಂಪನಿ ಅವಕಾಶ ಕೊಡುತ್ತದೆಂಬ ಭರವಸೆ ಅವಳಿಗಿರಲಿಲ್ಲ. ಇಷ್ಟೆಲ್ಲ ಅವಳ ತಲೆಯಲ್ಲಿ ಹಾದುಹೋಯಿತು, ಹಾದುಹೋದದ್ದಕ್ಕೆ ನಾಚಿಕೆಯೂ ಆಯಿತು.

"ಇಂಗಾಲದ ಲೈನ್ ಪೂರ್ತಿ ಮುಚ್ಚಿ," ಎಂದಳು. "ಬರೀ ಹಬೆ ಸಾಕು. ಯಾವ್ದಾದ್ರೂ ಬಿಲ್ಲೆ ಸೋರಿದ್ರೂ ಕಾರ್ಬನ್ ಮಾನಾಕ್ಸೈಡ್ ಅವ್ಳ ಹತ್ರ ಹೋಗ್ಬಾರ್ದು."

ಸಂಜೆಯವರೆಗೆ ಇಬ್ಬರೂ ಕೆಲಸ ಮಾಡಿದರು. ಬಿಸಿ ಪೈಪನ್ನು ಸುರುಳಿ ಸುತ್ತಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಅಲ್ಲಿಂದ ಅನಿಲ ಗಾಜಿನ ಬಾಟಲಿಗಳ ಮೂಲಕ ಗುಳುಗುಳು ಎಂದು ಹಾದುಹೋಗುವಂತೆ ಜೋಡಿಸಿದರು. ವಿಟಮಿನ್ ಸಿ ಬೆರೆತ ನೀರು ಕ್ರೋಮಿಯಂನ ವಿಷ ಮುರಿಯುತ್ತದೆಂದು ಆಂಡಾಳ್‌ಗೆ ಗೊತ್ತಿತ್ತು. ಆಗ ಆ ಮಾತ್ರೆಗಳಿಗೂ ಜನ ಮುಗಿಬಿದ್ದಿದ್ದರು. ಮೂಲೆಯ ಮೆಡಿಕಲ್ ಸ್ಟೋರಿನಲ್ಲಿ ಉಳಿದಿದ್ದನ್ನೆಲ್ಲ ತಂದು ಪುಡಿ ಮಾಡಿ ಬಾಟಲಿಗಳಿಗೆ ಹಾಕಿದಳು. ಅದರಾಚೆ ಒಂದು ಫಿಲ್ಟರು, ಶುದ್ಧತೆ ತೋರಿಸುವ ಮೀಟರು, ಕೊನೆಗೆ ಮಾಸ್ಕು. ನಿಮಿಷಕ್ಕೆ ಐದು ಲೀಟರ್ ಸಿಕ್ಕಿತು. ಒಬ್ಬರಿಗಾಗುವಷ್ಟು. ಆಂಡಾಳ್ ಮೊದಲು ತಾನೇ ಮಾಸ್ಕ್ ಹಾಕಿಕೊಂಡು ಬಹಳ ಹೊತ್ತು ಉಸಿರಾಡಿ ನೋಡಿದಳು. ಗಂಟಲು ಸ್ವಲ್ಪ ಒಣಗಿತು, ಮತ್ತೇನೂ ಆಗಲಿಲ್ಲ.

ಶೆಡ್ಡಿನ ಪಕ್ಕದ ಸಣ್ಣ ಕೋಣೆಯಲ್ಲಿ ಮಂಚ ಹಾಕಿದರು. ಎಣ್ಣೆ ಮತ್ತು ಆಮ್ಲಜನಕ ಒಟ್ಟಿಗಿದ್ದರೆ ಬೆಂಕಿಯ ಭಯ. ನಂದಕುಮಾರ್ ಹೆಂಡತಿಯ ಎಣ್ಣೆಗೂದಲನ್ನು ಹಿತ್ತಲ ನಲ್ಲಿಯ ಹತ್ತಿರ ಸೀಗೆಪುಡಿ ಹಾಕಿ ತೊಳೆದ. ಅವಳು ಅವನ ಎದೆಗೆ ಒರಗಿಕೊಂಡಿದ್ದಳು, ಒಂದೊಂದು ಉಸಿರಿಗೂ ಭುಜ ಮೇಲೇಳುತ್ತಿತ್ತು.

ಮಾಸ್ಕು ಹಾಕಿ ಸ್ವಲ್ಪ ಹೊತ್ತಿಗೆ ಬೆರಳಿನ ಮೀಟರು ಎಂಬತ್ತೊಂಬತ್ತಕ್ಕೆ ಬಂತು. ಆಮೇಲೆ ತೊಂಬತ್ತೆರಡು. ಕುಸುಮಾ ಕಣ್ಣುಬಿಟ್ಟು ಗೋಡೆಯಾಚೆಯ ಯಂತ್ರದ ಗುಂಯ್ ಸದ್ದು ಕೇಳಿಸಿಕೊಂಡಳು.

"ಕೊನೆಗೂ... ಸವತಿ ಮನೆಗೇ... ತಂದು ಹಾಕಿದ್ರಲ್ಲ," ಎಂದಳು.

ನಂದಕುಮಾರ್ ನಗಲು ಹೋಗಿ ಅತ್ತುಬಿಟ್ಟ.

ಮುಂದಿನ ದಿನಗಳಲ್ಲಿ ಆಂಡಾಳ್ ಮಲ್ಲೇಶ್ವರಕ್ಕೆ ಹೋಗಲೇ ಇಲ್ಲ. ಹಗಲಿನಲ್ಲಿ ಅವಳು ಯಂತ್ರ ನೋಡಿಕೊಂಡರೆ ರಾತ್ರಿ ನಂದಕುಮಾರ್. ಬಾಟಲಿಗಳ ನೀರು ಬದಲಿಸುವುದು, ಶುದ್ಧತೆ ನೋಡುವುದು, ಬಿಲ್ಲೆಗಳ ವೋಲ್ಟೇಜ್ ನೋಡುವುದು. ವೋಲ್ಟೇಜ್ ದಿನದಿನಕ್ಕೆ ಏರುತ್ತಿತ್ತು. ಲೇಪ ಏಳಲು ಶುರುವಾಗಿದೆ ಎಂದು ಅದರ ಅರ್ಥ. ಆದರೂ ನಿಧಾನವಾಗಿತ್ತು. ಹೀಗೇ ಹೋದರೆ ಇನ್ನೊಂದು ವಾರ, ಹತ್ತು ದಿನ ತಡೆಯಬಹುದು. ಅಷ್ಟರಲ್ಲಿ ಕುಸುಮಾ ಚೇತರಿಸಿಕೊಳ್ಳಬಹುದು. ಅವಳು ಎರಡು ತುತ್ತು ಮೊಸರನ್ನ ತಿನ್ನುವಂತಾಗಿದ್ದಳು. ಬಸ್ಸಿನಲ್ಲಿ ಚಿಲ್ಲರೆಗೆ ಜಗಳ ಆಡುವ ಮುದುಕನೊಬ್ಬನ ಅಣಕು ಮಾಡಲು ಹೋಗಿ ಕೆಮ್ಮು ಬಂದು ಅರ್ಧಕ್ಕೆ ನಿಲ್ಲಿಸಿದ್ದಳು.

ಆಗ ಶೀನಣ್ಣ ಹಾಸಿಗೆ ಹಿಡಿದರು.

ಶೀನಣ್ಣ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಎಪ್ಪತ್ತು ದಾಟಿತ್ತು. ಶೆಡ್ಡನ್ನು ಕಡಿಮೆ ಬಾಡಿಗೆಗೆ ಕೊಟ್ಟಿದ್ದೇ ಒಳಗೆ ಏನು ನಡೆಯುತ್ತದೆಂದು ನೋಡುವ ಆಸೆಗೆ. ದಿನವೂ ಬೆಳಗ್ಗೆ ಕಾಫಿ ಲೋಟ ಹಿಡಿದು ಬಂದು, ಹೊಸ್ತಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂತು, "ಇವತ್ತಿನ ಪಾಠ ಏನಮ್ಮ ಆಂಡಾಳು?" ಎನ್ನುತ್ತಿದ್ದರು. ಕುಸುಮಾ ಬಂದ ಮೇಲೆ ಅವರ ಮಗ ರಾಘವ ಅವರನ್ನು ಹಿತ್ತಲ ಕಡೆ ಬಿಟ್ಟಿರಲಿಲ್ಲ. ಆದರೂ ರೋಗ ಬಂತು. ರಾಘವನಿಗೂ ಅವನ ಹೆಂಡತಿಗೂ ಸಣ್ಣ ಜ್ವರವಾಗಿ ಹೋಯಿತು. ಮುದುಕರನ್ನು ಹಿಡಿದುಕೊಂಡಿತು.

ರಾಘವ ಬಂದಾಗ ಬೆಳಗಿನ ಬಿಸಿಲು ಇನ್ನೂ ಏರಿರಲಿಲ್ಲ. ಅವನು ಬ್ಯಾಂಕಿನಲ್ಲಿ ಮ್ಯಾನೇಜರು, ಜೋರಾಗಿ ಮಾತಾಡುವವನಲ್ಲ.

"ಆಂಡಾಳ್ ಮೇಡಂ, ಅಪ್ಪಂಗೆ ಆಕ್ಸಿಜನ್ ಎಂಬತ್ತೆರಡು ಇದೆ. ಬೆಡ್ ಸಿಗ್ತಿಲ್ಲ. ಎಲ್ಲಾ ಕಡೆ ಫೋನ್ ಮಾಡ್ದೆ."

ಕೋಣೆಯೊಳಗೆ ನಂದಕುಮಾರ್ ಹೆಂಡತಿಯ ಬೆನ್ನು ಒರೆಸುತ್ತಿದ್ದ. ಕೈ ನಿಂತಿತು.

"ಇದು ಒಬ್ಬರಿಗೆ ಆಗೋ ಅಷ್ಟೇ ಬರೋದು ರಾಘವ," ಎಂದಳು ಆಂಡಾಳ್.

"ಗೊತ್ತು. ಅಪ್ಪನೇ ಹೇಳಿದ್ರು ಎಷ್ಟು ಬರುತ್ತೆ ಅಂತ. ಕೇಳ್ಬೇಡ ಅಂದ್ರು." ರಾಘವ ಗೋಡೆಗೆ ಕೈ ಕೊಟ್ಟು ನಿಂತ. ನಂತರ ನೆಲ ನೋಡುತ್ತಾ ಹೇಳಿದ: "ಶೆಡ್ಡು ನಮ್ಮಪ್ಪಂದು ಮೇಡಂ. ಅವ್ರ ಹಿತ್ತಲಲ್ಲಿ ಆಕ್ಸಿಜನ್ ಇಟ್ಕೊಂಡು ಅವ್ರು ಮುಂದಿನ ಕೋಣೇಲಿ..." ಮಾತು ಮುಗಿಸಲಾಗದೆ, "ಕ್ಷಮಿಸಿ, ಹಂಗನ್ಬಾರ್ದಿತ್ತು," ಎಂದ.

ಆಂಡಾಳ್ ಮುಂದಿನ ಕೋಣೆಗೆ ಹೋಗಿ ನೋಡಿದಳು. ಶೀನಣ್ಣ ದಿಂಬುಗಳಿಗೆ ಒರಗಿ ಕೂತಿದ್ದರು. ತುಟಿ ನೀಲಿಗಟ್ಟಿತ್ತು. ಅವಳನ್ನು ಕಂಡು ಕೈ ಅಲ್ಲಾಡಿಸಿ ಹೋಗು ಎಂದರೋ ಬಾ ಎಂದರೋ ತಿಳಿಯಲಿಲ್ಲ. ಎದೆಯೊಳಗಿಂದ ಒದ್ದೆ ಕಾಗದ ಹರಿದಂಥ ಸದ್ದು ಬರುತ್ತಿತ್ತು.

ವಾಪಸು ಬಂದು ಮೀಟರುಗಳ ಮುಂದೆ ನಿಂತಳು. ನಂದಕುಮಾರ್ ಅವಳ ಹಿಂದೆ ಬಂದು ನಿಂತ. ಕೋಣೆಯ ಬಾಗಿಲು ತೆರೆದೇ ಇತ್ತು.

"ಕರೆಂಟ್ ಏರಿಸಬಹುದು," ಎಂದಳು. "ಎರಡರಷ್ಟು ಬರುತ್ತೆ. ಇಬ್ಬರಿಗೂ ಆಗುತ್ತೆ."

"ಎಷ್ಟು ದಿನ ತಡೆಯುತ್ತೆ?"

"ಈಗಿರೋ ಹಂಗೇ ಬಿಟ್ರೆ ಕುಸುಮಾಗೆ ಇನ್ನೂ ಒಂದು ವಾರ ಖಂಡಿತ ಬರುತ್ತೆ. ಏರಿಸಿದ್ರೆ ಹೇಳಕ್ಕಾಗಲ್ಲ. ಎರಡು ದಿನ ಇರಬಹುದು. ಒಂದು ದಿನಕ್ಕೇ ಹೋದ್ರೂ ಹೋಗಬಹುದು."

"ನಮ್ಮಪ್ಪ ನಾಳೆ ಸಿಲಿಂಡರ್ ತರ್ತೀನಿ ಅಂದಿದಾರೆ. ವೆಲ್ಡಿಂಗ್ ಅಂಗಡಿಯವ್ರ ಹತ್ರ ಮಾತಾಡಿದಾರಂತೆ."

"ನಾಳೆ ಬರುತ್ತೆ ಅಂತ ನಂಬಿಕೆ ಇದ್ಯಾ?"

"ಅಪ್ಪ ಹೇಳಿದ್ರೆ ತರ್ತಾರೆ."

"ಹಾಗಾದ್ರೆ ನೀವೇ ಹೇಳಿ. ಏರಿಸ್ಲಾ?"

ಅವಳು ಹಾಗೆ ಕೇಳಿಬಿಟ್ಟಳು. ಯಂತ್ರ ಅವಳದು, ಅದರ ಬಗ್ಗೆ ತಿಳಿದವಳು ಅವಳು, ಆದರೂ ಆ ಮಾತನ್ನು ಅವನ ಕೈಗೆ ಹಾಕಿದಳು. ಅವನು ಕೋಣೆಯ ಕಡೆ ತಿರುಗಿದ. ಕುಸುಮಾ ಎಚ್ಚರವಾಗಿಯೇ ಇದ್ದಳು. ಮಾಸ್ಕಿನ ಮೇಲೆ ಅವಳ ಕಣ್ಣುಗಳು ದೊಡ್ಡದಾಗಿ ಕಾಣುತ್ತಿದ್ದವು. ಅವಳು ಗಂಡನನ್ನು ನೋಡುತ್ತಾ ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಡಿಸಿದಳು. ಬೇಡ.

ನಂದಕುಮಾರ್ ನೋಡಿದ. ಮೀಟರಿನ ಗಾಜಿನಲ್ಲಿ ಬಾಗಿಲ ಪ್ರತಿಬಿಂಬ ಬೀಳುತ್ತಿತ್ತು. ಅದರಲ್ಲಿ ಆಂಡಾಳ್ ಕೂಡ ನೋಡಿದಳು. ಹಿತ್ತಲಲ್ಲಿ ರಾಘವ ತುಳಸಿಕಟ್ಟೆಯ ಹತ್ತಿರ ಬೆನ್ನು ಹಾಕಿ ನಿಂತಿದ್ದ. ಅವನ ಭುಜಗಳು ಅಲುಗುತ್ತಿದ್ದವು. ಯಾರೂ ಏನೂ ಹೇಳಲಿಲ್ಲ. ನಂದಕುಮಾರ್ ಮುಂದೆ ಬಂದು ಕರೆಂಟಿನ ತಿರುಪನ್ನು ನಿಧಾನವಾಗಿ ತಿರುಗಿಸಿದ.

ಎರಡನೆಯ ಕೊಳವೆ ಹಿತ್ತಲು ದಾಟಿ, ಕಿಟಕಿಯ ಸರಳುಗಳ ನಡುವಿನಿಂದ ಶೀನಣ್ಣನವರ ಕೋಣೆಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅವರ ತುಟಿಗೆ ಬಣ್ಣ ಬಂತು. ರಾಘವನ ಹೆಂಡತಿ ಎಲ್ಲರಿಗೂ ಅನ್ನ ಸಾರು ತಂದು ಹಿತ್ತಲ ಕಟ್ಟೆಯ ಮೇಲಿಟ್ಟು ದೂರ ನಿಂತಳು. ಕುಸುಮಾ ಆ ದಿನ ಏನೂ ತಿನ್ನಲಿಲ್ಲ, ಮಾತೂ ಆಡಲಿಲ್ಲ. ಗೋಡೆ ಕಡೆ ಮುಖ ಮಾಡಿ ಬೋರಲು ಮಲಗಿದ್ದಳು. ನಂದಕುಮಾರ್ ಅವಳ ಕಾಲು ಒತ್ತುತ್ತಾ ಕೂತಿದ್ದ. ಒಮ್ಮೆ, "ನಾಳೆ ಅಪ್ಪ ತರ್ತಾರೆ ಕಣೆ," ಎಂದ. ಅವಳು ಕಾಲು ಎಳೆದುಕೊಂಡಳು.

ಯಂತ್ರ ಮರುದಿನ ಹನ್ನೊಂದು ಗಂಟೆಯವರೆಗೆ ತಡೆಯಿತು.

ಮೊದಲು ಒಂದು ಬಿಲ್ಲೆಯ ವೋಲ್ಟೇಜ್ ಸರ್ರನೆ ಏರಿತು. ಆಂಡಾಳ್ ಕೈ ಚಾಚುವಷ್ಟರಲ್ಲಿ ಅದು ಕುಸಿದು, ಒಳಗಿನ ಶಾಖ ಜಿಗಿಯಿತು. ಬಿಲ್ಲೆ ಸೀಳಿ, ಜಲಜನಕ ಆಮ್ಲಜನಕದ ಬದಿಗೆ ನುಗ್ಗಿ ಅಲ್ಲೇ ಉರಿಯುತ್ತಿತ್ತು. ಶುದ್ಧತೆಯ ಮೀಟರಿನ ಅಂಕಿ ಇಳಿಯುತ್ತ ಹೋಯಿತು. ಇನ್ನು ಆ ಕೊಳವೆಯಲ್ಲಿ ಹೋಗುವುದನ್ನು ಯಾರಿಗೂ ಉಸಿರಾಡಲು ಕೊಡುವಂತಿರಲಿಲ್ಲ. ಬಿಟ್ಟರೆ ಕೊಳವೆಯೇ ಸಿಡಿಯಬಹುದಿತ್ತು. ಅವಳು ಕರೆಂಟ್ ಕಿತ್ತು ಹಬೆ ಮುಚ್ಚಿದಳು. ತಿಂಗಳುಗಳಿಂದ ನಿಲ್ಲದೆ ಕೇಳುತ್ತಿದ್ದ ಗುಂಯ್ ಸದ್ದು ನಿಂತಿತು.

"ಮಾಸ್ಕ್ ತೆಗೀರಿ!" ಎಂದು ಕೂಗಿದಳು. "ಇಬ್ಬರದ್ದೂ ತೆಗೀರಿ!"

ನಂದಕುಮಾರ್ ಅಪ್ಪನಿಗೆ ಫೋನ್ ಮಾಡಿದ. ಅರ್ಜುನಪ್ಪ ಸಿಲಿಂಡರ್ ಸಮೇತ ಮಾಗಡಿ ರಸ್ತೆಯಲ್ಲಿದ್ದ. ಪೊಲೀಸರು ಆಟೋ ತಡೆದಿದ್ದರು. "ಬಂದೆ ಮಗಾ, ಬಂದೆ, ಅಡ್ಡ ನಿಂತವ್ರೆ," ಎನ್ನುತ್ತಿದ್ದ. ಕುಸುಮಾ ಎದ್ದು ಕೂತಳು, ಮಲಗಿದಳು, ಮತ್ತೆ ಎದ್ದು ಕೂತಳು. ಕಿಟಕಿಯ ಹತ್ತಿರ ಹೋಗಬೇಕೆಂದು ಕೈ ತೋರಿಸಿದಳು. ನಂದಕುಮಾರ್ ಎತ್ತಿಕೊಂಡು ಹೋಗಿ ನಿಲ್ಲಿಸಿದ. ಹೊರಗೆ ಒಳ್ಳೆಯ ಬಿಸಿಲಿತ್ತು, ಗಾಳಿಯೂ ಬೀಸುತ್ತಿತ್ತು. ಅವಳು ಸರಳುಗಳನ್ನು ಹಿಡಿದುಕೊಂಡು ಬಾಯಿ ತೆರೆದು ಆ ಗಾಳಿಯನ್ನೆಲ್ಲ ಎಳೆದುಕೊಳ್ಳಲು ನೋಡಿದಳು. ಆಂಡಾಳ್ ಅವಳ ಬೆನ್ನು ನೀವುತ್ತಿದ್ದಳು. ಬಹಳ ಹೊತ್ತು ಹಾಗೆ ನಡೆಯಿತು. ನಂತರ ಸರಳಿನಿಂದ ಅವಳ ಕೈ ಜಾರಿತು.

ಅರ್ಜುನಪ್ಪ ಬಂದಾಗ ಸಿಲಿಂಡರ್ ಅವನ ಹೆಗಲ ಮೇಲಿತ್ತು. ಅರವತ್ತೈದರ ಮನುಷ್ಯ, ತರಕಾರಿ ಮೂಟೆ ಹೊತ್ತು ಪಳಗಿದ ಹೆಗಲು. ಕೋಣೆಯ ಬಾಗಿಲಲ್ಲಿ ಮಗ ಕೂತಿದ್ದ ರೀತಿಯಲ್ಲೇ ಅವನಿಗೆ ಗೊತ್ತಾಯಿತು. ಸಿಲಿಂಡರನ್ನು ಇಳಿಸಲಿಲ್ಲ. ಹೆಗಲ ಮೇಲೆ ಇಟ್ಟುಕೊಂಡೇ ಒಳಗೆ ಹೋಗಿ ಸೊಸೆಯನ್ನು ನೋಡಿದ.

ಮನೆಯ ಮುಂದಿನ ಕೋಣೆಯಿಂದ ಶೀನಣ್ಣನವರ ಎದೆಯ ಸದ್ದು ಹಿತ್ತಲಿನವರೆಗೂ ಕೇಳುತ್ತಿತ್ತು. ರಾಘವ ಕಟ್ಟೆಯ ಹತ್ತಿರ ನಿಂತಿದ್ದ. ಅವನ ಕಣ್ಣು ಸಿಲಿಂಡರಿನ ಮೇಲಿತ್ತು.

"ಯಾರದು ಸದ್ದು?" ಎಂದ ಅರ್ಜುನಪ್ಪ.

"ನಮ್ಮ ತಂದೆ," ಎಂದ ರಾಘವ.

ಅರ್ಜುನಪ್ಪ ಅವನನ್ನು ನೋಡಿದ, ಮಂಚದ ಕಡೆ ನೋಡಿದ. "ಎಲ್ಲಿ ಇಡ್ಬೇಕು ತೋರ್ಸಪ್ಪ," ಎಂದ. "ಇನ್ನೇನ್ ಮಾಡ್ಲಿ ನಾನು ಇದನ್ನ ಇಟ್ಕೊಂಡು."

ಅವನೇ ಹೊತ್ತುಕೊಂಡು ಹೋಗಿ ಶೀನಣ್ಣನವರ ಮಂಚದ ಪಕ್ಕ ಇಳಿಸಿದ. ಬರುವಾಗ ಹೊಸ್ತಿಲಲ್ಲಿ ಕುಸಿದು ಕೂತವನು ಮತ್ತೆ ಏಳಲು ಇಬ್ಬರು ಬೇಕಾಯಿತು.

ಶೀನಣ್ಣ ಉಳಿದುಕೊಂಡರು. ಆ ಸಿಲಿಂಡರ್ ಮುಗಿಯುವ ಹೊತ್ತಿಗೆ ರಾಘವನಿಗೆ ಎಲ್ಲೋ ಒಂದು ಹಾಸಿಗೆ ಸಿಕ್ಕಿತ್ತು. ಮಳೆಗಾಲ ಶುರುವಾದಾಗ ಅವರು ಮನೆಗೆ ಬಂದರು, ಅರ್ಧ ತೂಕಕ್ಕೆ ಇಳಿದು.

ಆಂಡಾಳ್ ಒಂದು ದಿನ ಯಂತ್ರ ಬಿಚ್ಚಿದಳು. ಬಿಲ್ಲೆಗಳ ಲೇಪ ಹಳೇ ಗೋಡೆಯ ಸುಣ್ಣದ ಹಾಗೆ ಹಕ್ಕಳೆಯಾಗಿ ಎದ್ದು ಬಂತು. ಕಂಪನಿಯ ಅಧಿಕಾರಿಗೆ ಆದದ್ದನ್ನೆಲ್ಲ ಫೋನಿನಲ್ಲಿ ಹೇಳಿದಳು. ಬೈದು ನೆರವು ನಿಲ್ಲಿಸುತ್ತಾರೆಂದು ಕಾಯುತ್ತಿದ್ದಳು. ಅವನು ಪಾಪ, ಮೊದಲು ಸಂತಾಪ ಹೇಳಿದ. ಆಮೇಲೆ ಸ್ವಲ್ಪ ತಡೆದು, "ಮೇಡಂ, ಗಾಳಿ ಇಲ್ಲದೆ ಇಷ್ಟು ಒತ್ತಿ ಓಡಿಸಿದ ಡೇಟಾ ಯಾರ ಹತ್ತಿರಾನೂ ಇಲ್ಲ. ಇದರಿಂದ ಮುಂದಿನ ಬಿಲ್ಲೆ ಎಷ್ಟು ಗಟ್ಟಿ ಮಾಡಬಹುದು ಅಂತ ಯೋಚಿಸಿ," ಎಂದ. ಅವನು ಹೇಳಿದ್ದು ನಿಜವಾಗಿತ್ತು. ಆ ಅಂಕಿಗಳಿಂದಲೇ ಆಂಡಾಳ್ ಹೊಸ ಲೇಪ ಮಾಡಿದಳು, ಅದು ನಿಂತಿತು. ಪಾವಗಡದ ಘಟಕಕ್ಕೆ ಒಪ್ಪಿಗೆ ಸಿಕ್ಕಿತು.

ಶೆಡ್ಡು ಖಾಲಿ ಮಾಡುತ್ತಿದ್ದಾಗ ಶೀನಣ್ಣ ಕೋಲೂರಿಕೊಂಡು ಬಂದರು. ಸ್ಟೂಲಿನ ಮೇಲೆ ಕೂತರು. ರಾಘವ ಎಲ್ಲವನ್ನೂ ಹೇಳಿದ್ದ.

"ಆ ಹುಡುಗಿ ಹೆಸರೇನಮ್ಮ?" ಎಂದರು.

"ಕುಸುಮಾ."

"ಕುಸುಮಾ," ಎಂದು ತಾವೂ ಹೇಳಿದರು. "ನಾನು ರಾಘವನಿಗೆ ಕೇಳ್ಬೇಡ ಅಂದಿದ್ದೆ. ಅಂದಿದ್ದೇನೋ ನಿಜ. ಆದ್ರೆ ಅವನು ಹೊರಟಾಗ ತಡೀಲಿಲ್ಲ ಕಣಮ್ಮ. ಕೇಳ್ಕೊಂಡು ಬರ್ಲಿ ಅಂತ್ಲೇ ಇತ್ತು ಮನಸ್ಸಲ್ಲಿ." ಆಂಡಾಳ್ ಅವರನ್ನು ಕೈಹಿಡಿದು ಮನೆಯೊಳಗೆ ಬಿಟ್ಟು ಬಂದಳು.

ನಂದಕುಮಾರ್ ಮತ್ತೆ ಶೆಡ್ಡಿಗೆ ಬರಲಿಲ್ಲ. ಮಂಡಿಯಲ್ಲಿ ಅಪ್ಪನ ಜಾಗದಲ್ಲಿ ಕೂರುತ್ತಿದ್ದಾನೆಂದು ಕೇಳಿ ಆಂಡಾಳ್ ಒಂದು ಬೆಳಗ್ಗೆ ಕಲಾಸಿಪಾಳ್ಯಕ್ಕೆ ಹೋದಳು. ಲಾರಿಯಿಂದ ಎಲೆಕೋಸಿನ ಮೂಟೆಗಳು ಇಳಿಯುತ್ತಿದ್ದವು. ಅವನು ಸೊರಗಿದ್ದ. ಅವಳನ್ನು ಕಂಡು ಎದ್ದು ನಿಂತು, ಒಂದು ಕ್ರೇಟು ಬೋರಲು ಹಾಕಿ ಕೂರಲು ಕೊಟ್ಟ.

"ಪಾವಗಡಕ್ಕೆ ಬರ್ತೀರಾ?" ಎಂದಳು. "ನೀವಿಲ್ದೆ ನಂಗಾಗಲ್ಲ."

"ಇಲ್ಲ ಮೇಡಂ."

"ಅವತ್ತು ನಾನು ನಿಮ್ಮನ್ನ ಕೇಳ್ಬಾರ್ದಿತ್ತು. ಅದು ನಾನು ಮಾಡ್ಬೇಕಿದ್ದ ತೀರ್ಮಾನ."

"ಕೇಳಿದ್ರಲ್ಲಿ ತಪ್ಪಿಲ್ಲ. ತಿರುಗಿಸಿದ್ದು ನಾನು." ಅವನು ಲಾರಿಯ ಕಡೆ ನೋಡುತ್ತಿದ್ದ. "ಒಂದ್ ವಿಷಯ ನಾನು ಯಾರಿಗೂ ಹೇಳಿಲ್ಲ. ಅಪ್ಪಂಗೂ ಹೇಳಿಲ್ಲ. ಅವ್ಳು ಬೇಡ ಅಂದ್ಲು ಮೇಡಂ. ತಲೆ ಆಡಿಸಿ ಬೇಡ ಅಂದ್ಲು. ನಾನು ನೋಡಿದ್ರೂ ತಿರುಗಿಸ್ದೆ."

"ಗೊತ್ತು," ಎಂದಳು ಆಂಡಾಳ್. "ನಾನೂ ನೋಡ್ದೆ."

ಅವನು ಮೊದಲ ಸಲ ಅವಳ ಮುಖ ನೋಡಿದ. ಮಂಡಿಯ ಗದ್ದಲದಲ್ಲಿ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂಬಂತೆ.

"ನೀವೂ ನೋಡಿದ್ರಾ?"

"ಹ್ಞೂಂ."

"ಮತ್ತೆ ಯಾಕೆ ಸುಮ್ನಿದ್ರಿ?"

ಆಂಡಾಳ್‌ಗೆ ಶೀನಣ್ಣನವರ ನೀಲಿ ತುಟಿಗಳ ನೆನಪಾಯಿತು, ಆದರೆ ಅದನ್ನು ಈ ಮನುಷ್ಯನ ಮುಂದೆ ಹೇಳುವಂತಿರಲಿಲ್ಲ. ನಂದಕುಮಾರ್ ಕಾದು ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ತಲೆಗೆ ಸುತ್ತಿಕೊಂಡು ಲಾರಿಯ ಹತ್ತಿರ ಹೋದ. ಆಳುಗಳಿದ್ದರೂ ತಾನೇ ಒಂದು ಮೂಟೆಗೆ ಬೆನ್ನು ಕೊಟ್ಟ.

ಒಳಗಿನಿಂದ ಬಂದ ಅರ್ಜುನಪ್ಪ ಅವಳನ್ನು ಗುರುತು ಹಿಡಿದು, "ಮೇಡಮ್ಮ, ಬಂದಿದ್ದೀರಾ? ಕಾಫಿ ಕುಡ್ದ್ರಾ?" ಎಂದು ವಿಚಾರಿಸಿದ. ಬೇಡವೆಂದರೂ ಕೇಳದೆ ಒಂದು ಚೀಲದಲ್ಲಿ ಬೀನ್ಸು, ಕ್ಯಾರೆಟ್ಟು ತುಂಬಿ ಅವಳ ಕೈಗೆ ಕೊಟ್ಟ. ಆಂಡಾಳ್ ಅದನ್ನು ಹಿಡಿದುಕೊಂಡು, ಕೊಳೆತ ಎಲೆಗಳನ್ನು ತುಳಿಯುತ್ತಾ ಬಸ್ ನಿಲ್ದಾಣದ ಕಡೆ ನಡೆದಳು. ನಂದಕುಮಾರ್ ಎರಡನೆಯ ಮೂಟೆ ಹೊರುತ್ತಿದ್ದ. ಅವನು ತಿರುಗಿ ನೋಡಲಿಲ್ಲ.